ಹಕ್ಕು ಕೇಳುವವರು ಲಾಭದ ಲೆಕ್ಕ ಕೊಡಬೇಕೆ?

'ಕೇಸು' ಎಂದರೆ ನಮ್ಮ ಮೊಹಲ್ಲಾಗಳಲ್ಲಿ ಮೊದಲು ನೆನಪಾಗುವುದು ಪೊಲೀಸ್ ಠಾಣೆ. ಆಮೇಲೆ ಕೋರ್ಟು, ವಕೀಲರ ಫೀಸು, ಮುಗಿಯದ ವಾಯಿದೆಗಳು. ಉರ್ದು ಶಾಲೆಯಲ್ಲಿ ಅಕ್ಷರ ಕಲಿತವರ ಬಾಯಲ್ಲಿ ಅದು ಮುಕದ್ದಮಾ. ಎರಡು ಭಾಷೆಗಳಲ್ಲೂ ಅದರ ಅರ್ಥ ಒಂದೇ. ಯಾರಿಗೋ ಅನ್ಯಾಯವಾಗಿದೆ, ಯಾರೋ ಅದಕ್ಕೆ ಉತ್ತರ ಹೇಳಬೇಕಾಗಿದೆ. ಈಗ ಎಂ.ಬಿ.ಎ., ಬಿ.ಬಿ.ಎ. ಓದುವ ನಮ್ಮ ಮಕ್ಕಳು ಬೇರೊಂದು ಬಗೆಯ ಕೇಸಿನ ಸುದ್ದಿಯನ್ನು ಮನೆಗೆ ತರುತ್ತಿದ್ದಾರೆ. ಇದರಲ್ಲಿ ಫಿರ್ಯಾದಿಯೂ ಇಲ್ಲ, ಆರೋಪಿಯೂ ಇಲ್ಲ. ಒಂದು ಕಂಪನಿ ಇದೆ, ಅದಕ್ಕೊಂದು 'ಸವಾಲು' ಇದೆ, ಅದನ್ನು ಬಿಡಿಸಿದವರಿಗೆ ಒಂದು ಚೆಕ್ಕು ಇದೆ. ಇದನ್ನು ಕೇಸ್ ಸ್ಪರ್ಧೆ ಎನ್ನುತ್ತಾರೆ.

ಇದು ನಡೆಯುವ ರೀತಿ ಸರಳ. ವಿಶ್ವವಿದ್ಯಾಲಯಗಳಿಂದ ಮೂರು ನಾಲ್ಕು ವಿದ್ಯಾರ್ಥಿಗಳ ತಂಡಗಳು ಬರುತ್ತವೆ. ಕಂಪನಿಯೊಂದರ ಸಮಸ್ಯೆಯನ್ನು ಹತ್ತಿಪ್ಪತ್ತು ಪುಟಗಳಲ್ಲಿ ಬರೆದು ಅವರ ಕೈಗೆ ಕೊಡಲಾಗುತ್ತದೆ. ಒಂದು ದಿನವೋ ಒಂದು ವಾರವೋ ಗಡುವು. ತಂಡದವರು ನಿದ್ದೆಗೆಟ್ಟು ಸ್ಲೈಡುಗಳನ್ನು ತಯಾರಿಸಿ, ಕೋಟು ಹಾಕಿಕೊಂಡು ತೀರ್ಪುಗಾರರ ಮುಂದೆ ನಿಂತು ಹದಿನೈದಿಪ್ಪತ್ತು ನಿಮಿಷ ಮಾತಾಡಬೇಕು. ತೀರ್ಪುಗಾರರಲ್ಲಿ ಹೆಚ್ಚಿನವರು ಸ್ಪರ್ಧೆಗೆ ಹಣ ಕೊಟ್ಟ ಕಂಪನಿಗಳ ಮ್ಯಾನೇಜರುಗಳೇ. ವಿಷಯ 'ವ್ಯಾಪಾರದಲ್ಲಿ ವೈವಿಧ್ಯತೆ ಮತ್ತು ಒಳಗೊಳ್ಳುವಿಕೆ' ಆಗಿದ್ದರೆ ಪ್ರಶ್ನೆ ಹೀಗಿರುತ್ತದೆ: ಕರಿಯರನ್ನು, ಮಹಿಳೆಯರನ್ನು, ಅಲ್ಪಸಂಖ್ಯಾತರನ್ನು, ಅಂಗವಿಕಲರನ್ನು ಈ ಕಂಪನಿ ಹೇಗೆ ಒಳಗೊಳ್ಳಬೇಕು, ಅದರಿಂದ ಕಂಪನಿಗೆ ಏನು ಪ್ರಯೋಜನ?

ನಮ್ಮ ತಕರಾರು ಇರುವುದು ಈ ಪ್ರಶ್ನೆಯ ಕೊನೆಯ ತುಂಡಿನ ಬಗ್ಗೆ. ಶತಮಾನಗಳ ಕಾಲ ಹೊರಗಿಟ್ಟವರನ್ನು ಒಳಗೆ ಕರೆಯುವಾಗ ಅವರಿಂದಲೇ ಲಾಭದ ಸಾಕ್ಷಿ ಕೇಳುವುದು ಯಾವ ನ್ಯಾಯ? ಆ ಕುರ್ಚಿಯಲ್ಲಿ ಮೂರು ತಲೆಮಾರಿನಿಂದ ಕೂತವರನ್ನು ಯಾರಾದರೂ ಎಂದಾದರೂ ಈ ಪ್ರಶ್ನೆ ಕೇಳಿದ್ದಾರೆಯೆ?

ಕೇಸಿನ ಮೂಲಕ ವ್ಯಾಪಾರ ಕಲಿಸುವ ಪದ್ಧತಿ ಬೆಳೆದದ್ದು ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ, 1920ರ ದಶಕದಲ್ಲಿ. ಆಗ ಅಲ್ಲಿ ಡೀನ್ ಆಗಿದ್ದ ವಾಲೇಸ್ ಡೋನಮ್ ಕಾನೂನು ಓದಿ ಬಂದವರು. ಕಾನೂನು ವಿದ್ಯಾರ್ಥಿಗಳು ಹಳೆಯ ಮೊಕದ್ದಮೆಗಳನ್ನು ಓದಿ ಕಲಿಯುವಂತೆ ವ್ಯಾಪಾರದ ವಿದ್ಯಾರ್ಥಿಗಳು ಕಂಪನಿಗಳ ಕಥೆಗಳನ್ನು ಓದಿ ಕಲಿಯಲಿ ಎಂಬುದು ಅವರ ಆಲೋಚನೆ. 1961ರಲ್ಲಿ ಅಹಮದಾಬಾದಿನ ಐ.ಐ.ಎಂ. ಹಾರ್ವರ್ಡಿನ ಸಹಯೋಗದಲ್ಲಿ ಆರಂಭವಾದಾಗ ಈ ಪದ್ಧತಿ ನಮ್ಮ ದೇಶಕ್ಕೂ ಬಂತು. ಅಂದರೆ ಈ ಪದ ಹೊರಟದ್ದು ಕೋರ್ಟಿನಿಂದಲೇ. ಕಂಪನಿಯ ಮನೆಗೆ ಬರುವಾಗ ಅದು ನ್ಯಾಯವನ್ನು ಹೊಸ್ತಿಲಿನಾಚೆ ಬಿಟ್ಟು ಬಂತು.

ಕಥೆ ಬರೆಯುವವರಾದ ನಮಗೆ ಈ ಕೇಸುಗಳನ್ನು ಓದುವಾಗ ಮೊದಲು ಕಣ್ಣಿಗೆ ಬೀಳುವುದು ಅವುಗಳ ನಾಯಕ ಯಾರು ಎಂಬುದು. ಸಾಮಾನ್ಯವಾಗಿ ನಾಯಕನೋ ನಾಯಕಿಯೋ ಮ್ಯಾನೇಜರು. ನಾಳೆ ಬೆಳಿಗ್ಗೆ ಆಡಳಿತ ಮಂಡಳಿಯ ಸಭೆ ಇದೆ, ಇವತ್ತು ರಾತ್ರಿ ಅವರು ಒಂದು ತೀರ್ಮಾನಕ್ಕೆ ಬರಬೇಕು. ಕಥೆಯ ಸಂಕಟವೆಲ್ಲ ಆ ಒಬ್ಬರದು. ಹೆಸರು ನೋಡಿಯೇ ಅರ್ಜಿಯನ್ನು ಪಕ್ಕಕ್ಕಿಟ್ಟರಲ್ಲ, ಆ ಹುಡುಗ ಈ ಕಥೆಯಲ್ಲಿ ಪಾತ್ರವೇ ಅಲ್ಲ. ಹತ್ತು ವರ್ಷದಿಂದ ಗುತ್ತಿಗೆಯ ಮೇಲೆ ಅದೇ ಕಚೇರಿಯ ಕಕ್ಕಸು ತೊಳೆಯುವ ಹೆಂಗಸಿಗೆ ಅಲ್ಲಿ ಒಂದು ಮಾತೂ ಇಲ್ಲ. ಅವರು 'ಸಮಸ್ಯೆ' ಎಂಬ ತಲೆಬರಹದ ಕೆಳಗೆ ಅಂಕಿಯಾಗಿ ಬರುತ್ತಾರೆ. ಓದುವ ವಿದ್ಯಾರ್ಥಿ ತಾನು ಯಾವ ಓಣಿಯಿಂದ ಬಂದಿದ್ದರೂ ಮ್ಯಾನೇಜರನ ಕಣ್ಣಿನಿಂದಲೇ ನೋಡುವುದನ್ನು ಕಲಿಯುತ್ತಾನೆ. ಆ ಕಣ್ಣಿಗೆ ಅವನ ಸ್ವಂತ ಅಪ್ಪನೂ ಒಂದು ಅಂಕಿ.

ಇನ್ನು ಒಂದು ನಿಜವಾದ ಸ್ಪರ್ಧೆಯ ವಿಷಯಕ್ಕೆ ಬರೋಣ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೆಲ್ಲಿ ಸ್ಕೂಲ್ ಆಫ್ ಬಿಸಿನೆಸ್ 'ನ್ಯಾಷನಲ್ ಡೈವರ್ಸಿಟಿ ಕೇಸ್ ಕಾಂಪಿಟೀಷನ್' ಎಂಬ ಸ್ಪರ್ಧೆಯನ್ನು ಬ್ಲೂಮಿಂಗ್ಟನ್ ಪಟ್ಟಣದಲ್ಲಿ ಹಲವು ವರ್ಷ ನಡೆಸಿತು. ದೇಶದ ನಾನಾ ವಿಶ್ವವಿದ್ಯಾಲಯಗಳ ತಂಡಗಳು ಅಲ್ಲಿಗೆ ಬಂದವು. ಅದಕ್ಕೆ ಆರಿಸಿಕೊಂಡ ಸಮಯ ಜನವರಿಯಲ್ಲಿ ಬರುವ ಮಾರ್ಟಿನ್ ಲೂಥರ್ ಕಿಂಗ್ ನೆನಪಿನ ರಜೆಯ ವಾರಾಂತ್ಯ. ಬಡ ಮನೆಗಳ ಕರಿಯ ಹುಡುಗ ಹುಡುಗಿಯರು ಅಲ್ಲಿಗೆ ಬಂದು ದೊಡ್ಡ ಕಂಪನಿಗಳ ಕಣ್ಣಿಗೆ ಬಿದ್ದಿದ್ದರೆ, ಕೆಲಸ ಗಿಟ್ಟಿಸಿಕೊಂಡಿದ್ದರೆ ನಮಗೆ ಸಂತೋಷವೇ. ಆದರೆ ಕಿಂಗ್ ಅವರ ಹೆಸರು ಹೇಳಿದ ಮೇಲೆ ಕಿಂಗ್ ಸತ್ತದ್ದು ಎಲ್ಲಿ, ಯಾರ ಜೊತೆ ನಿಂತಿದ್ದಾಗ ಎಂಬುದನ್ನೂ ಹೇಳಬೇಕಾಗುತ್ತದೆ.

1968ರ ಫೆಬ್ರವರಿಯಲ್ಲಿ ಮೆಂಫಿಸ್ ನಗರದಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕರಿಯ ಪೌರಕಾರ್ಮಿಕರು ಸತ್ತರು. ಅದಾದ ಮೇಲೆ ಸುಮಾರು 1,300 ಪೌರಕಾರ್ಮಿಕರು ಮುಷ್ಕರ ಹೂಡಿದರು. ಅವರಿಗೆ ಬೆಂಬಲ ಕೊಡಲು ಹೋಗಿದ್ದ ಕಿಂಗ್ ಅವರನ್ನು ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಕ್ಕಿ ಕೊಂದರು. ಆ ಕಾರ್ಮಿಕರು ಕೈಯಲ್ಲಿ ಹಿಡಿದಿದ್ದ ಫಲಕದ ಮೇಲೆ ಇದ್ದದ್ದು ಇಷ್ಟೇ: 'ನಾನು ಮನುಷ್ಯ'. ನಮ್ಮನ್ನು ಚೆನ್ನಾಗಿ ನೋಡಿಕೊಂಡರೆ ನಗರಸಭೆಗೆ ಇಷ್ಟು ಉಳಿತಾಯ ಎಂದು ಅವರು ಬರೆದುಕೊಂಡಿರಲಿಲ್ಲ. ಅದೇ ಕಿಂಗ್ ಹೆಸರಿನ ರಜೆಯಲ್ಲಿ ಅವರ ಮೊಮ್ಮಕ್ಕಳ ವಯಸ್ಸಿನವರು ಕೋಟು ತೊಟ್ಟು, ನಾವು ಬಂದರೆ ನಿಮ್ಮ ಮಾರುಕಟ್ಟೆ ಬೆಳೆಯುತ್ತದೆ ಎಂದು ಚಾರ್ಟು ತೋರಿಸಬೇಕಾಯಿತು. ಇದು ಮುನ್ನಡೆಯೋ ಹಿನ್ನಡೆಯೋ ಎಂಬುದನ್ನು ಓದುಗರೇ ಹೇಳಲಿ.

ನ್ಯಾಯದ ಮಾತು ಲಾಭದ ಮಾತಾಗಿ ಬದಲಾದದ್ದು ಒಂದೇ ದಿನದಲ್ಲಲ್ಲ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ 11246ನೇ ಸಂಖ್ಯೆಯ ಆದೇಶ ಹೊರಡಿಸಿ, ಸರಕಾರದ ಗುತ್ತಿಗೆ ಪಡೆಯುವ ಕಂಪನಿಗಳು ನೇಮಕದಲ್ಲಿ ತಾರತಮ್ಯ ಮಾಡಬಾರದು, ಸಮಾನ ಅವಕಾಶಕ್ಕಾಗಿ ಕ್ರಿಯಾತ್ಮಕ ಹೆಜ್ಜೆ ಇಡಬೇಕು ಎಂದರು. ಅದು ಆಗಿಹೋದ ಅನ್ಯಾಯವನ್ನು ಒಪ್ಪಿಕೊಂಡ ಕಾಲ. 1978ರಲ್ಲಿ ಬಾಕಿ ಪ್ರಕರಣ ಬಂತು. ಕ್ಯಾಲಿಫೋರ್ನಿಯಾದ ವೈದ್ಯಕೀಯ ಕಾಲೇಜೊಂದು 100 ಸೀಟುಗಳಲ್ಲಿ 16ನ್ನು ಹಿಂದುಳಿದ ಜನಾಂಗಗಳಿಗೆ ಮೀಸಲಿಟ್ಟದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ನ್ಯಾಯಮೂರ್ತಿ ಪೊವೆಲ್ ಅವರ ಪ್ರಕಾರ ಸಮಾಜ ಮಾಡಿದ ಹಳೆಯ ಅನ್ಯಾಯವನ್ನು ಸರಿಪಡಿಸುವುದು ಸಾಕಷ್ಟು ಕಾರಣವಲ್ಲ. ಆದರೆ ತರಗತಿಯಲ್ಲಿ ವೈವಿಧ್ಯತೆ ಇದ್ದರೆ ಎಲ್ಲರ ಕಲಿಕೆಗೆ ಒಳ್ಳೆಯದು ಎಂಬ ಕಾರಣ ನಡೆಯುತ್ತದೆ. ಗುಲಾಮಗಿರಿಯ ಚರಿತ್ರೆಯನ್ನು ನೆನಪಿಸಿ ಭಿನ್ನಮತ ಬರೆದವರು ಆ ಪೀಠದಲ್ಲಿದ್ದ ಏಕೈಕ ಕರಿಯ ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್. ಅಲ್ಲಿಂದ ಮುಂದೆ ಹಕ್ಕು ಎಂಬ ಪದ ಹಿಂದೆ ಸರಿದು 'ವೈವಿಧ್ಯತೆ' ಎಂಬ ಪದ ಮುಂದೆ ಬಂತು. 1987ರಲ್ಲಿ ಹಡ್ಸನ್ ಇನ್‌ಸ್ಟಿಟ್ಯೂಟಿನ ವರದಿಯೊಂದು, ಮುಂದೆ ಕೆಲಸಕ್ಕೆ ಬರುವವರಲ್ಲಿ ಹೆಂಗಸರು, ಅಲ್ಪಸಂಖ್ಯಾತರು, ವಲಸಿಗರೇ ಹೆಚ್ಚು ಎಂದಿತು. ಕಂಪನಿಗಳು ಕಿವಿ ನಿಮಿರಿಸಿದವು. ಬೇರೆಯವರು ಇದ್ದರೆ ಲಾಭ ಹೆಚ್ಚು ಎಂಬ ವಾದಕ್ಕೆ ಒಂದು ಉದ್ಯಮವೇ ಹುಟ್ಟಿಕೊಂಡಿತು. ಕೇಸ್ ಸ್ಪರ್ಧೆಗಳು ಆ ಮರದ ಕಾಯಿ.

ಲಾಭದ ಮೇಲೆ ನಿಲ್ಲಿಸಿದ್ದು ಲಾಭದ ಗಾಳಿ ತಿರುಗಿದಾಗ ಬೀಳುತ್ತದೆ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯನ ಕತ್ತಿನ ಮೇಲೆ ಪೊಲೀಸನೊಬ್ಬ ಮೊಣಕಾಲೂರಿ ಕೊಂದ. ಅದೇ ಊರಿನಲ್ಲಿ ಪ್ರಧಾನ ಕಚೇರಿ ಇರುವ ಟಾರ್ಗೆಟ್ ಕಂಪನಿ ಕರಿಯರ ಉದ್ಯಮಗಳಿಗಾಗಿ 2025ರೊಳಗೆ 200 ಕೋಟಿ ಡಾಲರ್ ಖರ್ಚು ಮಾಡುವುದಾಗಿ ಘೋಷಿಸಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹಾರ್ವರ್ಡ್ ಪ್ರಕರಣದಲ್ಲಿ ಕಾಲೇಜು ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ತಳ್ಳಿಹಾಕಿತು. 2024ರ ನವೆಂಬರ್‌ನಲ್ಲಿ ವಾಲ್‌ಮಾರ್ಟ್ ಹಿಂದೆ ಸರಿಯಿತು. 2025ರ ಜನವರಿಯಲ್ಲಿ ಮೆಟಾ, ಮೆಕ್‌ಡೊನಾಲ್ಡ್ಸ್ ಹಿಂದೆ ಸರಿದವು. ಜನವರಿ 20ರಂದು, ಅದೂ ಕಿಂಗ್ ನೆನಪಿನ ರಜೆಯ ದಿನವೇ, ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಧ್ಯಕ್ಷರಾಗಿ ಕೇಂದ್ರ ಸರಕಾರದ ವೈವಿಧ್ಯತೆಯ ಕಾರ್ಯಕ್ರಮಗಳನ್ನೆಲ್ಲ ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದರು. ಮರುದಿನ ಜಾನ್ಸನ್ ಅವರ ಅರುವತ್ತು ವರ್ಷದ ಹಳೆಯ ಆದೇಶವೂ ರದ್ದಾಯಿತು. ಅದೇ ವಾರ ಟಾರ್ಗೆಟ್ ತನ್ನ ವೈವಿಧ್ಯತೆಯ ಗುರಿಗಳನ್ನು ಕೈಬಿಟ್ಟಿತು. ಗಾಳಿ ಬಂದಾಗ ತೂರಿಕೊಂಡವರು ಗಾಳಿ ನಿಂತಾಗ ಮೊರ ಕೆಳಗಿಟ್ಟರು. ಎಲ್ಲರೂ ಹಾಗೆ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಇಂಥ ಕಾರ್ಯಕ್ರಮಗಳನ್ನು ಪ್ರಶ್ನಿಸಿದ ಗೊತ್ತುವಳಿಯನ್ನು ಕಾಸ್ಟ್‌ಕೋ ಕಂಪನಿಯ ಷೇರುದಾರರು ಅದೇ ತಿಂಗಳು ಶೇಕಡಾ 98ಕ್ಕಿಂತ ಹೆಚ್ಚು ಮತಗಳಿಂದ ಸೋಲಿಸಿದರು. ಆದರೆ ಷೇರುದಾರರ ಮನಸ್ಸು ಒಳ್ಳೆಯದಿದ್ದರೆ ಮಾತ್ರ ಉಳಿಯುವುದನ್ನು ಹಕ್ಕು ಎನ್ನುವುದಿಲ್ಲ. ಉರ್ದುವಿನಲ್ಲಿ ಹಕ್ ಬೇರೆ, ಖೈರಾತ್ ಬೇರೆ.

ಲಾಭದ ವಾದವಾದರೂ ಗಟ್ಟಿಯೇ? ಮೆಕಿನ್ಸಿ ಎಂಬ ಸಲಹಾ ಕಂಪನಿ 2015ರಿಂದ ಬಿಡುಗಡೆ ಮಾಡಿದ ವರದಿಗಳು, ಮೇಲಿನ ಹುದ್ದೆಗಳಲ್ಲಿ ವೈವಿಧ್ಯತೆ ಇರುವ ಕಂಪನಿಗಳಿಗೆ ಲಾಭ ಹೆಚ್ಚು ಎಂದವು. ಜೆರೆಮಿಯಾ ಗ್ರೀನ್ ಮತ್ತು ಜಾನ್ ಹ್ಯಾಂಡ್ ಎಂಬ ಲೆಕ್ಕಶಾಸ್ತ್ರದ ಪ್ರಾಧ್ಯಾಪಕರು ಅಮೆರಿಕದ ದೊಡ್ಡ ಕಂಪನಿಗಳ ಅಂಕಿಗಳ ಮೇಲೆ ಅದನ್ನು ಮತ್ತೆ ಪರೀಕ್ಷಿಸಿ, ಆ ಫಲಿತಾಂಶ ತಮಗೆ ಸಿಗಲಿಲ್ಲವೆಂದು 2024ರಲ್ಲಿ ಪ್ರಕಟಿಸಿದರು. ವೈವಿಧ್ಯತೆಯ ಪರವಾಗಿ ದಶಕಗಳಿಂದ ಬರೆದ ರಾಬಿನ್ ಈಲಿ ಮತ್ತು ಡೇವಿಡ್ ಥಾಮಸ್ ಕೂಡ, ಈ ಲಾಭದ ವಾದ ಇನ್ನು ಸಾಕು ಎಂದು 2020ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂದಲ್ಲೇ ಬರೆದರು. ಇನ್ನೂ ಮುಖ್ಯವಾದದ್ದು ಒರಿಯಾನ್ ಜಾರ್ಜಿಯಾಕ್ ಮತ್ತು ಅನೀತಾ ರಟ್ಟನ್ ಎಂಬ ಇಬ್ಬರು ಸಂಶೋಧಕಿಯರು 2022ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ 500 ದೊಡ್ಡ ಕಂಪನಿಗಳಲ್ಲಿ ಸುಮಾರು ಶೇಕಡಾ 80ರಷ್ಟು ಕಂಪನಿಗಳು ವೈವಿಧ್ಯತೆಗೆ ಲಾಭದ ಕಾರಣ ಕೊಡುತ್ತವೆ. ನ್ಯಾಯದ ಕಾರಣ ಕೊಡುವವು ಶೇಕಡಾ 5ಕ್ಕಿಂತ ಕಡಿಮೆ. ಆ ಲಾಭದ ಮಾತನ್ನು ಓದಿದ ಕರಿಯ ವಿದ್ಯಾರ್ಥಿಗಳಿಗೂ ಹೆಣ್ಣುಮಕ್ಕಳಿಗೂ ಆ ಕಂಪನಿಯಲ್ಲಿ ತಮಗೆ ಜಾಗವಿದೆ ಎಂಬ ಭಾವನೆ ಕಡಿಮೆಯಾಯಿತು ಎಂದು ಅವರು ಕಂಡುಕೊಂಡರು. ತನ್ನನ್ನು ತಕ್ಕಡಿಯಲ್ಲಿ ಇಡುತ್ತಿದ್ದಾರೆ ಎಂದು ಗೊತ್ತಾಗಲು ಮನುಷ್ಯನಿಗೆ ಡಿಗ್ರಿ ಬೇಡ.

ಅಮೆರಿಕದ ಕಥೆ ನಮಗೇಕೆ ಎನ್ನುವವರು ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಒಮ್ಮೆ ನೋಡಬೇಕು. ಅವೇ ಕಂಪನಿಗಳ ಕಚೇರಿಗಳು ಅಲ್ಲಿವೆ, ಅವುಗಳ ಜೊತೆ ಅವೇ ಪದಗಳೂ ಬಂದಿವೆ. ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳು ಈ ಸ್ಪರ್ಧೆಗಳನ್ನು ಕಲಿತದ್ದೂ ಅಲ್ಲಿಂದಲೇ. ದಾರಿಯಲ್ಲಿ ಒಂದು ವಿಚಿತ್ರ ಆಗಿದೆ. ಅಮೆರಿಕದಲ್ಲಿ ವೈವಿಧ್ಯತೆ ಎಂದರೆ ಮೊದಲು ನೆನಪಾಗುತ್ತಿದ್ದುದು ಅಲ್ಲಿನ ದೊಡ್ಡ ಗಾಯವಾದ ಜನಾಂಗಭೇದ. ನಮ್ಮಲ್ಲಿಗೆ ಬರುವಾಗ ಮಹಿಳೆಯರ ಮಾತು ಬಂತು, ಅಂಗವಿಕಲರ ಮಾತು ಬಂತು. ಅವೆರಡೂ ಬರಲೇಬೇಕಿತ್ತು, ನಮ್ಮ ತಕರಾರಿಲ್ಲ. ಆದರೆ ನಮ್ಮ ಎರಡು ದೊಡ್ಡ ಗಾಯಗಳಾದ ಜಾತಿ ಮತ್ತು ಧರ್ಮ ಕಸ್ಟಮ್ಸ್ ಕಟ್ಟೆಯಲ್ಲೇ ಉಳಿದುಹೋದವು. ಸೆಬಿ 2022-23ರಿಂದ ಮೊದಲ 1,000 ಷೇರುಪೇಟೆ ಕಂಪನಿಗಳಿಗೆ ಕಡ್ಡಾಯ ಮಾಡಿದ ವಾರ್ಷಿಕ ವರದಿಯ ನಮೂನೆ ನೌಕರರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಅಂಗವಿಕಲರೆಷ್ಟು ಎಂದು ಕೇಳುತ್ತದೆ. ದಲಿತರೆಷ್ಟು, ಮುಸ್ಲಿಮರೆಷ್ಟು ಎಂದು ಕೇಳುವುದಿಲ್ಲ. ಹಬ್ಬದ ದಿನ ಕಚೇರಿಯಲ್ಲಿ ಟೋಪಿ ಹಾಕಿಸಿ ಫೋಟೋ ತೆಗೆಯಲು ನಾವು ಬೇಕು. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಲೆಕ್ಕ ಮಾಡಿದವರು ಏನು ಕಂಡರು? ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪತ್ರಿಕೆಗಳ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ ಸಾವಿರಾರು ಅರ್ಜಿಗಳನ್ನು ಕಳಿಸಲಾಯಿತು. ಓದು ಒಂದೇ, ಅರ್ಹತೆ ಒಂದೇ, ಬದಲಾದದ್ದು ಹೆಸರು ಮಾತ್ರ. ಮೇಲ್ಜಾತಿ ಹಿಂದೂ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆಯನ್ನು ಒಂದು ಎಂದಿಟ್ಟುಕೊಂಡರೆ ದಲಿತ ಹೆಸರಿನದು 0.67, ಮುಸ್ಲಿಂ ಹೆಸರಿನದು 0.33. ಅದಕ್ಕೂ ಒಂದು ವರ್ಷ ಮೊದಲು, 2006ರಲ್ಲಿ, ಸಾಚಾರ್ ಸಮಿತಿ ಐ.ಐ.ಎಂ.ಗಳ ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಶೇಕಡಾ 1.3 ಮಾತ್ರ ಎಂದು ಬರೆದಿತ್ತು. 2001ರ ಜನಗಣತಿಯಲ್ಲಿ ಅವರ ಪ್ರಮಾಣ ಶೇಕಡಾ 13.4. ಒಂದು ಸಾವಿರ ಕಂಪನಿಗಳ ಆಡಳಿತ ಮಂಡಳಿಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಿರ್ದೇಶಕರಲ್ಲಿ ಶೇಕಡಾ 93ರಷ್ಟು ಜನ ಮೇಲ್ಜಾತಿಗಳವರು. ಅವರಿಗೆ ಇದು ವೈವಿಧ್ಯತೆಯ ಕೊರತೆ ಎಂದು ಅನಿಸಲಿಲ್ಲ. ಅವರು ಅದನ್ನು 'ಪ್ರತಿಭೆ' ಎಂದು ಕರೆಯುತ್ತಾರೆ.

2015ರಲ್ಲಿ ಮುಂಬೈಯಲ್ಲಿ ಎಂ.ಬಿ.ಎ. ಮುಗಿಸಿದ ಯುವಕನೊಬ್ಬ ವಜ್ರ ರಫ್ತು ಮಾಡುವ ಕಂಪನಿಗೆ ಅರ್ಜಿ ಹಾಕಿದ. ನಾವು ಮುಸ್ಲಿಮೇತರರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದು ಕೆಲವೇ ನಿಮಿಷಗಳಲ್ಲಿ ಉತ್ತರ ಬಂತು. ಗಲಾಟೆಯಾದಾಗ ಕಂಪನಿಯವರು ತಪ್ಪನ್ನು ತರಬೇತಿಯಲ್ಲಿದ್ದ ನೌಕರನೊಬ್ಬರ ತಲೆಗೆ ಕಟ್ಟಿದರು. ನಮ್ಮ ಕಾಲೇಜುಗಳ ಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ಕೇಸು ಬೇಕೆ? ಆ ಉತ್ತರ ಬರೆದ ಕೈಗೆ ಹಾಗೆ ಬರೆಯಬಹುದೆಂದು ಯಾರು ಕಲಿಸಿದರು? ಬಾಯಿಬಿಟ್ಟು ಬರೆಯದೆ ಸುಮ್ಮನೆ ಅರ್ಜಿಯನ್ನು ಬುಟ್ಟಿಗೆ ಹಾಕುವವರು ಎಷ್ಟು ಮಂದಿ? ಖಾಸಗಿ ನೇಮಕದಲ್ಲಿ ಧರ್ಮದ ಹೆಸರಿನ ತಾರತಮ್ಯವನ್ನು ನೇರವಾಗಿ ತಡೆಯುವ ಸಮಗ್ರ ಕಾನೂನು ಈ ದೇಶದಲ್ಲಿ ಇನ್ನೂ ಯಾಕಿಲ್ಲ? ಸಾಚಾರ್ ಸಮಿತಿ ಸಮಾನ ಅವಕಾಶ ಆಯೋಗ ಬೇಕೆಂದಿತು, ವೈವಿಧ್ಯತೆಯನ್ನು ಅಳೆಯುವ ಸೂಚ್ಯಂಕ ಬೇಕೆಂದಿತು. 2008ರಲ್ಲಿ ಮಾಧವ ಮೆನನ್ ಮತ್ತು ಅಮಿತಾಭ್ ಕುಂಡು ನೇತೃತ್ವದ ತಜ್ಞರ ಗುಂಪುಗಳು ಎರಡಕ್ಕೂ ನಕಾಶೆ ಹಾಕಿಕೊಟ್ಟವು. ಆ ಕಡತಗಳು ದೂಳು ತಿನ್ನುತ್ತಿವೆ. ಇವನ್ನು ಮೇಜಿನ ಮೇಲಿಟ್ಟು ಸ್ಪರ್ಧೆ ನಡೆಸಲಿ, ನಾವೇ ಹೋಗಿ ಚಪ್ಪಾಳೆ ತಟ್ಟುತ್ತೇವೆ.

ನ್ಯಾಯಕ್ಕೆ ಲಾಭದ ಊರುಗೋಲು ಬೇಕಾಗಿಲ್ಲ ಎಂಬುದನ್ನು ನಮ್ಮ ನಾಡು ನೂರು ವರ್ಷದ ಹಿಂದೆಯೇ ತೋರಿಸಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಸಂಸ್ಥಾನದಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಸರಕಾರಿ ನೌಕರಿ ಬ್ರಾಹ್ಮಣರ ಕೈಯಲ್ಲೇ ಇದೆ, ಉಳಿದವರಿಗೂ ಪಾಲು ಸಿಗಬೇಕು ಎಂಬುದು ಅದರ ಹಿಂದಿದ್ದ ಸರಳ ವಿಚಾರ. ಆ 'ಉಳಿದವರಲ್ಲಿ' ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು, ದಲಿತರು ಎಲ್ಲರೂ ಇದ್ದರು. ದಕ್ಷತೆ ಕೆಡುತ್ತದೆ ಎಂಬ ಆಕ್ಷೇಪ ಆಗಲೂ ಬಂತು. ನಿಮ್ಮ ಮಗನಿಗೆ ಗುಮಾಸ್ತೆ ಕೆಲಸ ಕೊಟ್ಟರೆ ಖಜಾನೆಗೆ ಎಷ್ಟು ಲಾಭ ಎಂದು ಮಹಾರಾಜರು ರೈತನನ್ನು ಕೇಳಲಿಲ್ಲ. ಕನ್ನಡ ಸಾಹಿತ್ಯದಲ್ಲೂ ಅಷ್ಟೇ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಬಂದಾಗ ಒಬ್ಬ ಮುಸ್ಲಿಂ ಹೆಣ್ಣಿನ ಸಂಕಟವನ್ನು ನಾಡು ಸಂಕಟವೆಂದೇ ಓದಿತು.

ಲಾಭದ ಭಾಷೆ ಬಿಟ್ಟು ಬೇರೆ ಭಾಷೆ ಕಂಪನಿಗಳಿಗೆ ತಿಳಿಯುವುದಿಲ್ಲವಲ್ಲ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಹಾಗಿದ್ದರೆ ಅವರಿಗೆ ಕಾನೂನಿನ ಭಾಷೆ ಕಲಿಸಬೇಕು. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ರಕ್ತ ಹರಿಯುವ ಜಗಳವಿತ್ತು, ಒಳ್ಳೆಯ ಕೆಲಸಗಳಿಂದ ಕ್ಯಾಥೊಲಿಕರನ್ನು ದೂರ ಇಡಲಾಗಿತ್ತು. ಅಲ್ಲಿ 1989ರ ನ್ಯಾಯಯುತ ಉದ್ಯೋಗ ಕಾಯಿದೆ ಖಾಸಗಿ ಕಂಪನಿಗಳೂ ತಮ್ಮ ನೌಕರರಲ್ಲಿ ಯಾವ ಧರ್ಮದವರು ಎಷ್ಟು ಎಂದು ಪ್ರತಿವರ್ಷ ಲೆಕ್ಕ ಒಪ್ಪಿಸುವುದನ್ನು ಕಡ್ಡಾಯ ಮಾಡಿತು. ಇಂದು ಅಲ್ಲಿನ ಉದ್ಯೋಗಗಳಲ್ಲಿ ಎರಡೂ ಕಡೆಯವರ ಪಾಲು ಹೆಚ್ಚುಕಡಿಮೆ ಸರಿಸಮ. ಧರ್ಮದ ಲೆಕ್ಕ ಕೇಳಿದರೆ ದೇಶ ಒಡೆಯುತ್ತದೆ ಎನ್ನುವವರಿಗೆ ಇದೊಂದು ಉತ್ತರ. 2006ರಲ್ಲಿ ನಮ್ಮ ಉದ್ಯಮಿಗಳ ಸಂಘಟನೆಗಳು ಜೆ.ಜೆ. ಇರಾನಿ ಅವರ ಕಾರ್ಯಪಡೆಯ ಮೂಲಕ, ಕಾನೂನು ಬೇಡ, ನಾವೇ ಸ್ವಇಚ್ಛೆಯಿಂದ ಮಾಡುತ್ತೇವೆ ಎಂದಿದ್ದವು. ಅಂದು ಹುಟ್ಟಿದ ಮಕ್ಕಳು ಈಗ ಕೆಲಸ ಹುಡುಕುವ ವಯಸ್ಸಿಗೆ ಬಂದಿದ್ದಾರೆ.

ನಮ್ಮ ಸಮುದಾಯಕ್ಕೂ ಒಂದು ಮಾತು ಹೇಳಬೇಕು. ಹೊರಗೆ ಬಾಗಿಲು ತಟ್ಟುವವರು ನಮ್ಮ ಬಾಗಿಲನ್ನೂ ನೋಡಿಕೊಳ್ಳಬೇಕು. ನಮ್ಮವರು ನಡೆಸುವ ಶಿಕ್ಷಣ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಹೆಂಗಸರೆಷ್ಟು? ನದಾಫರ, ಪಿಂಜಾರರ ಮನೆಯವರೆಷ್ಟು? ಮಂಡಿಗಳಲ್ಲಿ, ಷೋರೂಮುಗಳಲ್ಲಿ ದುಡಿಯುವ ಹುಡುಗರಿಗೆ ಭವಿಷ್ಯನಿಧಿ ಇದೆಯೆ? ಇನ್ಸಾಫ್ ಕೇಳುವ ಬಾಯಿಗೆ ಇನ್ಸಾಫ್ ಕೊಡುವ ಕೈಯೂ ಇರಬೇಕು.

ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹೋಗಿ, ಚೆನ್ನಾಗಿ ಮಾತಾಡಿ, ಗೆಲ್ಲಿ, ಕೆಲಸ ಸಿಕ್ಕರೆ ತೆಗೆದುಕೊಳ್ಳಿ. ಅದು ನಿಮ್ಮ ಓದಿಗೆ ಸಿಕ್ಕ ಫಲ, ಯಾರ ಉಪಕಾರವೂ ಅಲ್ಲ. ಆದರೆ ನಿಮಗೆ ಸಿಗುವ ಇಪ್ಪತ್ತು ನಿಮಿಷಗಳಲ್ಲಿ ಒಂದು ನಿಮಿಷ ಉಳಿಸಿಕೊಂಡು ತೀರ್ಪುಗಾರರನ್ನು ಮೂರು ಪ್ರಶ್ನೆ ಕೇಳಿ. ಕಳೆದ ವರ್ಷ ನಿಮ್ಮ ಕಂಪನಿಗೆ ಬಂದ ಅರ್ಜಿಗಳಲ್ಲಿ ನಮ್ಮಂಥ ಹೆಸರಿನವು ಎಷ್ಟು? ಅವುಗಳಲ್ಲಿ ಎಷ್ಟು ಮಂದಿಯನ್ನು ಸಂದರ್ಶನಕ್ಕೆ ಕರೆದಿರಿ? ಆ ಲೆಕ್ಕವನ್ನು ನಿಮ್ಮ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುತ್ತೀರಾ? ಬಹುಮಾನ ತಪ್ಪಿದರೂ ಚಿಂತೆಯಿಲ್ಲ, ಅಲ್ಲಿಯವರೆಗೆ ಪ್ರಶ್ನೆ ಕೇಳುತ್ತಿದ್ದವರು ಅಂದು ಮೊದಲ ಸಲ ಉತ್ತರ ಹೇಳಬೇಕಾಗುತ್ತದೆ.